ಏಕೀಕರಣದ ಎರಡು ಮುಖಗಳು

ನವೆಂಬರ್ 1 ಬಂತೆಂದರೆ ಕರ್ನಾಟಕದ ಬಹುತೇಕ ಜಿಲ್ಲೆಗಳಲ್ಲಿ ಒಂದೇ ದೃಶ್ಯ. ಧ್ವಜಾರೋಹಣ, ಶಾಲಾ ಮಕ್ಕಳ ಪಥಸಂಚಲನ, ಭುವನೇಶ್ವರಿಯ ಮೆರವಣಿಗೆ, ಸಂಜೆ ಸನ್ಮಾನ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮಾತ್ರ ಆ ದಿನಕ್ಕೆ ಎರಡು ಅರ್ಥಗಳಿವೆ. ಜಿಲ್ಲಾ ಕೇಂದ್ರದ ಒಂದು ಬೀದಿಯಲ್ಲಿ ಹಳದಿ-ಕೆಂಪು ಬಾವುಟ ಹಿಡಿದ ಸಾವಿರಾರು ಯುವಕರು ಕುಣಿಯುತ್ತಾರೆ. ಇನ್ನೊಂದು ಬೀದಿಯಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿದವರು ‘ಕರಾಳ ದಿನ’ ಎಂದು ಘೋಷಣೆ ಕೂಗುತ್ತ ಬಂದಿದ್ದಾರೆ. ಇಬ್ಬರ ನಡುವೆ ಪೊಲೀಸರು ಲಾಠಿ ಹಿಡಿದು ನಿಂತಿರುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎರಡೂ ಕಡೆಯವರ ಬಾಯಲ್ಲಿರುವುದು ಒಂದೇ ಪದ: ಏಕೀಕರಣ. ಒಬ್ಬರಿಗೆ ಅದು ಈಡೇರಿದ ಕನಸು, ಇನ್ನೊಬ್ಬರಿಗೆ ಮುರಿದ ಕನಸು. ಕರ್ನಾಟಕ ಏಕೀಕರಣಕ್ಕೆ ಹೋರಾಡಿದವರನ್ನು ನಾವು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಮಹಾರಾಷ್ಟ್ರ ಏಕೀಕರಣ ಸಮಿತಿಯನ್ನು ಪೊಲೀಸ್ ಠಾಣೆಯ ಸುದ್ದಿಗಳಲ್ಲಿ ಓದುತ್ತೇವೆ. ಇಂದಿನ ಕನ್ನಡ ಯುವಕರಿಗೆ ಆ ಪಕ್ಷವೆಂದರೆ ಟಿ.ವಿ. ವಾಹಿನಿಗಳು ಕೊಟ್ಟ ‘ಎಂಇಎಸ್ ಪುಂಡರು’ ಎಂಬ ಬಿರುದು ಅಷ್ಟೆ. ಆದರೆ ಬೈಗುಳದಿಂದ ಇತಿಹಾಸ ತಿಳಿಯುವುದಿಲ್ಲ. ಆರು ದಶಕಗಳಿಗೂ ಹೆಚ್ಚು ಕಾಲ ಒಂದು ಜಿಲ್ಲೆಯ ರಾಜಕೀಯವನ್ನು ಹಿಡಿದಿಟ್ಟ ಪಕ್ಷವೊಂದು ಹೇಗೆ ಹುಟ್ಟಿತು, ಯಾಕೆ ಬೆಳೆಯಿತು, ಯಾಕೆ ಕರಗಿತು ಎಂಬುದನ್ನು ಸಿಟ್ಟಿಲ್ಲದೆ ನೋಡುವ ಅಗತ್ಯವಿದೆ. ನಾವು ಅದರ ಬೆಂಬಲಿಗರಲ್ಲ. ಆದರೆ ಅದು ಬಂದ್ ಕರೆ ಕೊಟ್ಟಾಗಲೂ, ಅದರ ವಿರುದ್ಧ ಬಂದ್ ನಡೆದಾಗಲೂ ಬಸ್ಸು ತಪ್ಪಿಸಿಕೊಂಡವರು ನಾವೇ. ಹೀಗಾಗಿ ಈ ವಿಷಯದ ಬಗ್ಗೆ ಮಾತನಾಡಲು ನಮಗೂ ಹಕ್ಕಿದೆ ಎಂದುಕೊಂಡಿದ್ದೇವೆ.

ಮೂರು ಭಾಷೆಯ ಕಿರ್ದಿ

ಸಂಕೇಶ್ವರ ಹುಕ್ಕೇರಿ ತಾಲೂಕಿನ ಊರು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಯಿಂದ ನಿಪ್ಪಾಣಿಗೆ ಹೋಗುವಾಗ ಸಿಗುತ್ತದೆ. ನಮ್ಮ ಊರಿನ ಹಿರಣ್ಯಕೇಶಿ ನದಿ ಹುಟ್ಟುವುದು ಮಹಾರಾಷ್ಟ್ರದ ಆಂಬೋಲಿಯ ಹತ್ತಿರ. ಆಜರಾ, ಗಡಹಿಂಗ್ಲಜ ದಾಟಿ ನಮ್ಮಲ್ಲಿಗೆ ಬಂದು, ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಸಕ್ಕರೆ ಕಾರ್ಖಾನೆಗೆ ಹೆಸರು ಕೊಟ್ಟಿದ್ದೂ ಅದೇ ನದಿ. ಸಂಕೇಶ್ವರಿ ಮೆಣಸಿನಕಾಯಿಯ ಹೆಸರನ್ನು ನಮ್ಮೂರು ನೋಡದವರೂ ಕೇಳಿರುತ್ತಾರೆ. ಗಡಹಿಂಗ್ಲಜ ನಮಗೆ ಅರ್ಧ ಗಂಟೆಯ ದಾರಿ. ಬೆಳಗಾವಿಗಿಂತ ಅದೇ ಹತ್ತಿರ.

ನಮ್ಮ ಅಬ್ಬಾ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯ ಕಿರ್ದಿ ಕನ್ನಡದಲ್ಲಿ, ಗಡಹಿಂಗ್ಲಜದ ವ್ಯಾಪಾರಿಗಳಿಗೆ ಬರೆಯುವ ಚೀಟಿ ಮರಾಠಿಯಲ್ಲಿ, ಬೀಗರಿಗೆ ಬರೆಯುವ ಕಾಗದ ಉರ್ದುವಿನಲ್ಲಿ. ಮನೆಯೊಳಗಿನ ಮಾತು ದಖನಿ. ಇದರಲ್ಲಿ ಯಾವುದೂ ವಿಶೇಷವೆಂದು ಅವರಿಗೆ ಅನ್ನಿಸಿರಲಿಲ್ಲ. ಚುನಾವಣೆ ಹತ್ತಿರ ಬಂದಾಗ ಮಾತ್ರ ಅಂಗಡಿಗೆ ಬಂದವರು ಕೇಳುತ್ತಿದ್ದರು, “ಸಾಹೇಬ್ರ, ನೀವು ಯಾರ ಕಡೆ?” ಅಬ್ಬಾ ಚೀಲದ ಕಡೆ ಕೈ ತೋರಿಸಿ ಹೇಳುತ್ತಿದ್ದರು, “ಮೆಣಸಿನಕಾಯಿ ಯಾರ ಕಡೆ ಇರತೈತ್ರಿ? ಯಾರು ತಿಂದ್ರೂ ಖಾರನ.” ಕೇಳಿದವರು ನಗುತ್ತಿದ್ದರು. ಆದರೆ ಆ ಪ್ರಶ್ನೆ ನಗೆಯಲ್ಲಿ ಮುಗಿಯುವಂಥದಾಗಿರಲಿಲ್ಲ. ಗಡಿಯಲ್ಲಿ ಬದುಕುವವರಿಗೆ ಅದು ಮತ್ತೆ ಮತ್ತೆ ಎದುರಾಗುವ ಪ್ರಶ್ನೆ.

ಒಂದೇ ಊರು, ಎರಡು ಸಮ್ಮೇಳನ

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಅಧಿವೇಶನ ಅದು. ಅದೇ ಸಂದರ್ಭದಲ್ಲಿ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದೂ ಅಲ್ಲಿಯೇ. ಕನ್ನಡಿಗರು ಆಗ ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಮತ್ತು ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಮೈಸೂರಿನ ಹೊರಗೆ ಹೆಚ್ಚಿನ ಕಡೆ ಅವರ ಭಾಷೆಗೆ ಒಡೆತನವಿರಲಿಲ್ಲ. ಮುಂಬಯಿ ಪ್ರಾಂತದ ಕಚೇರಿಗಳಲ್ಲಿ ಮರಾಠಿ ಬಲ್ಲವರದೇ ಮೇಲುಗೈ ಎಂಬ ಕೊರಗು ಉತ್ತರ ಕರ್ನಾಟಕದವರಲ್ಲಿತ್ತು. ಆ ಕೊರಗಿನಿಂದಲೇ ಏಕೀಕರಣದ ಕೂಗು ಹುಟ್ಟಿತು.

ಸುಮಾರು ಇಪ್ಪತ್ತೊಂದೂವರೆ ವರ್ಷಗಳ ನಂತರ, 1946ರ ಮೇ ತಿಂಗಳಲ್ಲಿ, ಅದೇ ಬೆಳಗಾವಿಯಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ನಾಗಪುರದ ಪತ್ರಕರ್ತ, ಲೇಖಕ ಮಾಡಖೋಲಕರ ಅವರು ಅದರ ಅಧ್ಯಕ್ಷರು. ಮರಾಠಿ ಮಾತನಾಡುವ ಎಲ್ಲ ಪ್ರದೇಶಗಳೂ ಒಂದಾಗಬೇಕೆಂಬ ‘ಸಂಯುಕ್ತ ಮಹಾರಾಷ್ಟ್ರ’ದ ಬೇಡಿಕೆ ಅಲ್ಲಿಂದ ಬಲ ಪಡೆಯಿತು. ಮರಾಠಿಗರೂ ಮುಂಬಯಿ, ಮಧ್ಯಪ್ರಾಂತ, ಹೈದರಾಬಾದ್ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ನೋಡಿ, ಊರು ಒಂದೇ, ಪದ ಒಂದೇ, ನೋವು ಒಂದೇ. ಆದರೆ ಎರಡೂ ನಕ್ಷೆಗಳಲ್ಲಿ ಬೆಳಗಾವಿ ಇತ್ತು. ಜಗಳದ ಬೀಜ ಇದ್ದುದೇ ಅಲ್ಲಿ.

1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ ಕೇಂದ್ರ ಸರಕಾರ ಭಾಷಾವಾರು ರಾಜ್ಯಗಳಿಗೆ ಒಪ್ಪಲೇಬೇಕಾಯಿತು. ಫಜಲ್ ಅಲಿ ಆಯೋಗ ಬಂತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಚಂದಗಡ ಅತ್ತ ಉಳಿಯಿತು. ಒಂದೇ ಮುಂಬಯಿ ರಾಜ್ಯದಲ್ಲಿದ್ದ ಸಂಕೇಶ್ವರ ಮತ್ತು ಗಡಹಿಂಗ್ಲಜ ರಾತ್ರಿ ಬೆಳಗಾಗುವುದರಲ್ಲಿ ಎರಡು ರಾಜ್ಯಗಳಾದವು.

ಆಗ ಬೆಳಗಾವಿ, ಖಾನಾಪುರ, ನಿಪ್ಪಾಣಿಯ ಮರಾಠಿಗರ ಸಿಟ್ಟಿಗೆ ನಾಲಿಗೆಯಾಗಿ ನಿಂತದ್ದು ಮಹಾರಾಷ್ಟ್ರ ಏಕೀಕರಣ ಸಮಿತಿ. ನಲವತ್ತರ ದಶಕದ ಕೊನೆಯಿಂದಲೇ ಬೇರು ಬಿಟ್ಟಿದ್ದ ಈ ಸಂಘಟನೆಗೆ ‘ತರುಣ ಭಾರತ’ ಪತ್ರಿಕೆಯ ಬಾಬುರಾವ್ ಠಾಕೂರ್ ಅವರಂಥ ಸ್ವಾತಂತ್ರ್ಯ ಹೋರಾಟಗಾರರ ಬೆಂಬಲವಿತ್ತು. 1962ರ ಮೈಸೂರು ವಿಧಾನಸಭಾ ಚುನಾವಣೆಯಲ್ಲಿ ಅದು 6 ಸ್ಥಾನ ಗೆದ್ದಿತು. 208 ಸದಸ್ಯರ ಸಭೆಯಲ್ಲಿ ಆರು ದೊಡ್ಡ ಸಂಖ್ಯೆಯಲ್ಲ. ಆದರೆ ಆ ಆರು ಮಂದಿ ತಾವು ಕುಳಿತ ಸಭೆಯ ಅಧಿಕಾರ ತಮ್ಮ ಊರಿನ ಮೇಲೆ ಇರಬಾರದೆಂದು ಹೇಳಲೆಂದೇ ಆರಿಸಿ ಬಂದಿದ್ದರು. ಇಂಥ ವಿರೋಧ ಪಕ್ಷ ದೇಶದಲ್ಲಿ ಅಪರೂಪ.

ಆ ಕಾಲದ ಚಳವಳಿಯ ಬಣ್ಣ ಇಂದಿನಂತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸಂಯುಕ್ತ ಮಹಾರಾಷ್ಟ್ರ ಹೋರಾಟದ ಹಿಂದೆ ಕಮ್ಯುನಿಸ್ಟರು, ಸಮಾಜವಾದಿಗಳು, ಶೇತಕರಿ ಕಾಮಗಾರ ಪಕ್ಷದವರು ಮತ್ತು ಅಂಬೇಡ್ಕರ್ ಅನುಯಾಯಿಗಳು ಇದ್ದರು. ದಲಿತ ಸಾಹಿತಿ ಅಣ್ಣಾಭಾವು ಸಾಠೆ ಮತ್ತು ಶಾಹಿರ್ ಅಮರ್ ಶೇಖ್ ತಮ್ಮ ಹಾಡುಗಳಿಂದ ಲಕ್ಷಾಂತರ ಜನರನ್ನು ಬೀದಿಗಿಳಿಸಿದರು. ಅಮರ್ ಶೇಖ್ ಬಾರ್ಶಿಯ ಬಡ ಮುಸ್ಲಿಂ ಕುಟುಂಬದ ಮಗ. ಅವರ ಧರ್ಮವನ್ನು ಆಗ ಯಾರೂ ಕೇಳಲಿಲ್ಲ. ಭಾಷೆಯ ಹೋರಾಟ ಬಡವರ ಹೋರಾಟವೂ ಆಗಿದ್ದ ಕಾಲ ಅದು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ಬೆಳಗಾವಿ ಮಾತ್ರ ಹೊರಗುಳಿಯಿತು.

ಎಣಿಕೆಯಲ್ಲಿ ಕಳೆದುಹೋದವರು

ಗಡಿ ಪ್ರಶ್ನೆ ಬಗೆಹರಿಸಲು ಆಯೋಗ ಬೇಕೆಂದು ಒತ್ತಾಯಿಸಿದ್ದು ಮಹಾರಾಷ್ಟ್ರವೇ. 1966ರಲ್ಲಿ ವೃದ್ಧ ಹೋರಾಟಗಾರ ಸೇನಾಪತಿ ಬಾಪಟ್ ಇದಕ್ಕಾಗಿ ಉಪವಾಸ ಕುಳಿತರು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಏಕಸದಸ್ಯ ಆಯೋಗ ರಚನೆಯಾಯಿತು. 1967ರ ಆಗಸ್ಟ್‌ನಲ್ಲಿ ವರದಿ ಬಂತು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಹಳ್ಳಿ-ಪಟ್ಟಣಗಳು ಮಹಾರಾಷ್ಟ್ರಕ್ಕೆ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತದ ಪ್ರದೇಶಗಳು ಸೇರಿ 247 ಊರುಗಳು ಮೈಸೂರಿಗೆ, ಬೆಳಗಾವಿ ಮೈಸೂರಿನಲ್ಲೇ ಉಳಿಯಬೇಕು ಎಂದಿತು. ಮೈಸೂರು ಒಪ್ಪಿತು. ಮಹಾರಾಷ್ಟ್ರ ತಿರಸ್ಕರಿಸಿತು. ಮುಂದೆ ಮಹಾರಾಷ್ಟ್ರದ ಮುಖ್ಯಮಂತ್ರಿಯಾದ ಬ್ಯಾರಿಸ್ಟರ್ ಎ.ಆರ್. ಅಂತುಲೆ ವರದಿಯನ್ನು ಖಂಡಿಸಿ ಪುಸ್ತಕವನ್ನೇ ಬರೆದರು.

ಮಹಾರಾಷ್ಟ್ರದ ವಾದ ಸರಳವಾಗಿತ್ತು. ಹಳ್ಳಿಯನ್ನು ಘಟಕವಾಗಿ ತೆಗೆದುಕೊಳ್ಳಿ, ಯಾವ ಭಾಷೆಯವರು ಹೆಚ್ಚಿದ್ದಾರೋ ನೋಡಿ, ಭೌಗೋಳಿಕವಾಗಿ ಅಂಟಿಕೊಂಡಿದ್ದರೆ ಕೊಟ್ಟುಬಿಡಿ. ಇಂದು ಅದು ಹೇಳುವ 865 ಹಳ್ಳಿಗಳ ಲೆಕ್ಕ ಇದೇ ತತ್ವದ ಮೇಲೆ ನಿಂತಿದೆ. ನಮ್ಮ ಹುಕ್ಕೇರಿ ತಾಲೂಕಿನ ಕೆಲವು ಹಳ್ಳಿಗಳೂ ಆ ಪಟ್ಟಿಯಲ್ಲಿವೆ. ಕರ್ನಾಟಕದ ವಾದವೂ ಸರಳವೇ. ಜಿಲ್ಲೆಯನ್ನು ಒಡೆಯಬೇಡಿ, ಆಡಳಿತ, ವ್ಯಾಪಾರ, ಇತಿಹಾಸ ನೋಡಿ, ಆಯೋಗದ ವರದಿಯೇ ಅಂತಿಮ.

ಈ ಎರಡೂ ಎಣಿಕೆಗಳಲ್ಲಿ ನಮ್ಮಂಥವರು ಎಲ್ಲಿದ್ದೆವು? ಬೆಳಗಾವಿ ನಗರದಲ್ಲಿ ಕನ್ನಡ, ಮರಾಠಿಗಳ ಜೊತೆಗೆ ಉರ್ದು ಮಾತೃಭಾಷೆಯವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಸಂಕೇಶ್ವರ, ಹುಕ್ಕೇರಿ, ಗೋಕಾಕ, ನಿಪ್ಪಾಣಿ ಎಲ್ಲೆಡೆಯೂ ಇದ್ದಾರೆ. ಜನಗಣತಿಯವರು ಮಾತೃಭಾಷೆ ಕೇಳಿದಾಗ ನಮ್ಮ ಹಿರಿಯರು ಉರ್ದು ಎಂದರು. ಅದು ಸುಳ್ಳಲ್ಲ. ಆದರೆ ಸಂತೆಯಲ್ಲಿ ಅವರು ಕನ್ನಡದವರು, ಗಡಹಿಂಗ್ಲಜದಲ್ಲಿ ಮರಾಠಿಯವರು. ಗಣತಿಯ ಕಾಗದದಲ್ಲಿ ಇದ್ದುದು ಒಂದೇ ಸಾಲು. ಆ ಒಂದು ಸಾಲು ತುಂಬಿದ ಕೂಡಲೇ ನಾವು ಎರಡೂ ರಾಜ್ಯಗಳ ತಕ್ಕಡಿಯಿಂದ ಕೆಳಗಿಳಿದೆವು. ಒಂದು ಕಡೆಯವರು ನಮ್ಮನ್ನು ‘ಮರಾಠಿಯಲ್ಲದವರು’ ಎಂದು ಎಣಿಸಿದರು. ಇನ್ನೊಂದು ಕಡೆಯವರು ‘ಕನ್ನಡವಲ್ಲದವರು’ ಎಂದರು. ನಾವು ಏನು ಎಂಬುದನ್ನು ಕೇಳುವ ಅಂಕಣ ಮಾತ್ರ ಎಲ್ಲಿಯೂ ಇರಲಿಲ್ಲ.

ಕಾಸರಗೋಡಿನ ಕನ್ನಡಿ

ಸಮಿತಿಯನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಕನ್ನಡಿಗರು ಒಮ್ಮೆ ಕಾಸರಗೋಡಿನತ್ತ ನೋಡಬೇಕು. 1956ರಲ್ಲಿ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರು ‘ಕರ್ನಾಟಕ ಸಮಿತಿ’ಯ ಹೆಸರಿನಲ್ಲಿ ಹೋರಾಟಕ್ಕಿಳಿದರು. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಎಂಬುದೇ ಅವರ ಬೇಡಿಕೆ. ಮಂಜೇಶ್ವರದಿಂದ ಕೆ. ಮಹಾಬಲ ಭಂಡಾರಿಯವರು 1960, 1965 ಮತ್ತು 1967ರಲ್ಲಿ ಕೇರಳ ವಿಧಾನಸಭೆಗೆ ಆರಿಸಿ ಬಂದರು. ಕವಿ ಕಯ್ಯಾರ ಕಿಞ್ಞಣ್ಣ ರೈಯವರು 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಈ ಕನಸನ್ನು ಬಿಡಲಿಲ್ಲ. ಚಂದ್ರಗಿರಿ ನದಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿದ್ದೂ ಅದೇ ಮಹಾಜನ ವರದಿ.

ಕಯ್ಯಾರರನ್ನು ನಾವು ಹೋರಾಟಗಾರ ಎಂದು ಗೌರವಿಸುತ್ತೇವೆ. ಗೌರವಿಸಲೇಬೇಕು. ಆದರೆ ಬೆಳಗಾವಿಯ ಮರಾಠಿಗ ಅದೇ ಮಾತನ್ನು ತನ್ನ ಭಾಷೆಯಲ್ಲಿ ಹೇಳಿದರೆ ಅವನು ನಾಡದ್ರೋಹಿ. ಮಂಜೇಶ್ವರದ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದರೆ ನಾವು ಸಿಟ್ಟಾಗುತ್ತೇವೆ. ಖಾನಾಪುರದ ಮರಾಠಿ ಶಾಲೆಯಲ್ಲಿ ಶಿಕ್ಷಕರೇ ಇಲ್ಲವೆಂದರೆ ನಮಗೆ ಕೇಳಿಸುವುದಿಲ್ಲ. ಅತ್ತ ಮರಾಠಿ ಮುಖಂಡರ ಕಥೆಯೂ ಬೇರೆಯಲ್ಲ. ಬೆಳಗಾವಿಯಲ್ಲಿ ಮರಾಠಿ ಫಲಕ ಬೇಕು ಎನ್ನುವವರು ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನ್ಯಾಯಕ್ಕೆ ಗಡಿ ಇರಬಾರದಲ್ಲವೇ? ನನಗೆ ಬೇಕಾದುದು ನೆರೆಯವನಿಗೂ ಬೇಕು ಎಂದು ಒಪ್ಪದವನ ಬೇಡಿಕೆ ಹಕ್ಕಾಗುವುದಿಲ್ಲ, ಹಟವಾಗುತ್ತದೆ.

ಬಾವುಟದ ಬಣ್ಣ

ಮಹಾಜನ ವರದಿಯ ನಂತರ ಗಡಿ ಪ್ರಶ್ನೆ ಮುಂಬಯಿಯ ಬೀದಿಗೆ ಬಂತು. 1969ರ ಫೆಬ್ರವರಿಯಲ್ಲಿ ಶಿವಸೇನೆ ಇದೇ ವಿಷಯ ಹಿಡಿದು ನಡೆಸಿದ ಚಳವಳಿ ಗಲಭೆಯಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಬಾಳ ಠಾಕ್ರೆಯವರ ಬಂಧನವಾಯಿತು. ಕೆಂಬಾವುಟದವರು ಹಾಡಿ ಕಟ್ಟಿದ್ದ ಪ್ರಶ್ನೆ ಮೆಲ್ಲಗೆ ಬೇರೆ ಕೈಗಳಿಗೆ ಜಾರಿತು.

1986ರ ಜೂನ್ ಬೆಳಗಾವಿಯ ನೆನಪಿನಲ್ಲಿ ಕಪ್ಪು ತಿಂಗಳು. ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡುವ ಸರಕಾರದ ಕ್ರಮದ ವಿರುದ್ಧ ಸಮಿತಿ ಚಳವಳಿ ಹೂಡಿತು. ಶರದ್ ಪವಾರ್, ಛಗನ್ ಭುಜಬಲ್ ಅವರಂಥ ಮಹಾರಾಷ್ಟ್ರದ ನಾಯಕರು ಪೊಲೀಸರ ಕಣ್ಣು ತಪ್ಪಿಸಿ ನಗರಕ್ಕೆ ಬಂದರು. ಪೊಲೀಸ್ ಗೋಲಿಬಾರಿನಲ್ಲಿ 9 ಮಂದಿ ಸತ್ತರು. ಹಿಂಡಲಗಾದಲ್ಲಿ ಇಂದಿಗೂ ಅವರ ಸ್ಮರಣೆ ನಡೆಯುತ್ತದೆ. ಹೊರಗಿನಿಂದ ಬಂದ ನಾಯಕರು ತಿರುಗಿ ಹೋದರು. ಸತ್ತವರು ಇಲ್ಲಿಯವರು. ಗಡಿ ಹೋರಾಟದ ಉದ್ದಕ್ಕೂ ಇದೇ ಲೆಕ್ಕ. ಭಾಷಣ ಮುಂಬಯಿ, ಬೆಂಗಳೂರುಗಳದು, ಹೆಣ ಗಡಿಯದು.

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ದಾವೆ ಹಾಕಿತು. ಎರಡು ದಶಕ ದಾಟಿದರೂ ಅದು ಇತ್ಯರ್ಥವಾಗಿಲ್ಲ. 2005ರ ಕೊನೆಯಲ್ಲಿ ಸಮಿತಿಯ ಹಿಡಿತದಲ್ಲಿದ್ದ ಬೆಳಗಾವಿ ಮಹಾನಗರ ಪಾಲಿಕೆ, ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ಬೆಂಗಳೂರಿನಲ್ಲಿ ಮೇಯರ್ ವಿಜಯ್ ಮೋರೆಯವರ ಮುಖಕ್ಕೆ ಕನ್ನಡ ಕಾರ್ಯಕರ್ತರು ಮಸಿ ಬಳಿದರು. ಸರಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಮರುವರ್ಷ, 2006ರ ಸೆಪ್ಟೆಂಬರ್‌ನಲ್ಲಿ, ವಿಧಾನಮಂಡಲದ ಅಧಿವೇಶನ ಮೊದಲ ಬಾರಿಗೆ ಬೆಳಗಾವಿಯಲ್ಲಿ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. 2014ರಲ್ಲಿ ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಸಮಿತಿಯ ಒಂದು ಠರಾವಿಗೆ ರಾಜ್ಯ ಕಲ್ಲಿನಲ್ಲಿ ಉತ್ತರ ಬರೆಯಿತು. ಆದರೆ ವರ್ಷದ ಹೆಚ್ಚಿನ ದಿನ ಆ ಭವ್ಯ ಕಟ್ಟಡ ಖಾಲಿ. ಹಳ್ಳಿಯವರು ಕೆಲಸಕ್ಕೆ ಹಿಂದಿನಂತೆ ಬೆಂಗಳೂರಿಗೇ ರೈಲು ಹತ್ತಬೇಕು.

ಇದೇ ವೇಳೆಗೆ ಸಮಿತಿ ಒಳಗಿನಿಂದ ಸೊರಗುತ್ತಿತ್ತು. ಹಲವು ಚುನಾವಣೆಗಳಲ್ಲಿ ಅದರ ಅಭ್ಯರ್ಥಿಗಳು ಆಯೋಗದ ಪಟ್ಟಿಯಲ್ಲಿ ಪಕ್ಷೇತರರು. 2013ರಲ್ಲಿ ಬೆಳಗಾವಿ ದಕ್ಷಿಣ ಮತ್ತು ಖಾನಾಪುರ ಹೀಗೆ ಎರಡು ಸ್ಥಾನ ಸಿಕ್ಕಿತು. 2018ರಲ್ಲಿ ಸಮಿತಿಯ ಬಣಗಳು ಪರಸ್ಪರರ ವಿರುದ್ಧವೇ ಅಭ್ಯರ್ಥಿಗಳನ್ನು ನಿಲ್ಲಿಸಿ ಎಲ್ಲವನ್ನೂ ಕಳೆದುಕೊಂಡವು. 2023ರಲ್ಲಿಯೂ ಸೊನ್ನೆ. 2021ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಚುನಾವಣೆ ಮೊದಲ ಬಾರಿಗೆ ಪಕ್ಷದ ಚಿಹ್ನೆಗಳ ಮೇಲೆ ನಡೆದಾಗ 58ರಲ್ಲಿ 35 ಸ್ಥಾನ ಗೆದ್ದದ್ದು ಬಿಜೆಪಿ. ದಶಕಗಳ ಕಾಲ ಸಮಿತಿಯ ಕೋಟೆಯಾಗಿದ್ದ ಪಾಲಿಕೆ ಹೋಯಿತು.

ಇದು ಹೇಗಾಯಿತು? ಕನ್ನಡ ಸಂಘಟನೆಗಳು ಸಮಿತಿಯನ್ನು ಸೋಲಿಸಲಿಲ್ಲ, ಪೊಲೀಸರೂ ಸೋಲಿಸಲಿಲ್ಲ. ಸಮಿತಿ ತನ್ನ ಭಾಷೆಯ ಬೇಡಿಕೆಗೆ ಭಗವಾ ಧ್ವಜ ಹೊದಿಸಿತು. ಅದೇ ಬಣ್ಣದ ಇನ್ನೂ ದೊಡ್ಡ ಧ್ವಜ ಬಂದಾಗ ಅದರ ಮತದಾರರು ಅತ್ತ ನಡೆದರು. ಅಮರ್ ಶೇಖ್ ಹಾಡಿದ ಚಳವಳಿಯಲ್ಲಿ ಬೆಳಗಾವಿಯ ಬಡ ಮುಸ್ಲಿಮನಿಗೆ, ದಲಿತನಿಗೆ ಒಂದು ಜಾಗವಿತ್ತು. ಕೊನೆಯ ದಿನಗಳ ಸಮಿತಿಯ ಮೆರವಣಿಗೆಯಲ್ಲಿ ಅವರು ರಸ್ತೆಯ ಬದಿಯಲ್ಲಿ ನಿಂತು ನೋಡುವವರಾಗಿದ್ದರು. ಜೊತೆಗಿದ್ದವರನ್ನು ಕಳೆದುಕೊಂಡ ಮೇಲೆ ಒಂದು ಭಾಷೆಯ ಪಕ್ಷ ಒಂದು ಜಾತಿಗೆ, ಕೊನೆಗೆ ಕೆಲವು ಮನೆಗಳಿಗೆ ಕುಗ್ಗುವುದು ಸಹಜ.

ಹಾಗೆಂದು ಅಸಮಾಧಾನ ಸತ್ತಿಲ್ಲ. 2021ರ ಏಪ್ರಿಲ್‌ನಲ್ಲಿ ಬೆಳಗಾವಿ ಲೋಕಸಭಾ ಉಪಚುನಾವಣೆಯಲ್ಲಿ ಸಮಿತಿಯ ಯುವ ಅಭ್ಯರ್ಥಿ ಶುಭಂ ಶೆಳಕೆ ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಗೆದ್ದವರ ಅಂತರ ಐದು ಸಾವಿರದ ಆಸುಪಾಸು ಮಾತ್ರ. ಪಕ್ಷ ಒಡೆದರೂ ಪ್ರಶ್ನೆ ಒಡೆದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಫಿನ್‌ಫಿನ್ನೆಯ ಪಾಠ

ಇದು ಬೆಳಗಾವಿಯೊಂದರ ಕಥೆಯಲ್ಲ. ಆಫ್ರಿಕದ ಇಥಿಯೋಪಿಯಾದಲ್ಲಿ ಒರೋಮೊ ಎಂಬ ಜನಾಂಗವಿದೆ. ಆ ದೇಶದಲ್ಲಿ ಅವರದೇ ಅತಿ ದೊಡ್ಡ ಸಂಖ್ಯೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಬಹಳ ಕಾಲ ಅವರ ಭಾಷೆಗೆ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಜಾಗವಿರಲಿಲ್ಲ. ರಾಜಧಾನಿ ಅಡಿಸ್ ಅಬಾಬಾ ಒರೋಮೊ ಪ್ರದೇಶದ ಮಧ್ಯದಲ್ಲಿದೆ. ಆದರೆ ನಗರದಲ್ಲಿ ಹೆಚ್ಚು ಕೇಳುವುದು ಅಂಹಾರಿಕ್ ಭಾಷೆ. ಒರೋಮೊಗಳು ಆ ನಗರವನ್ನು ಫಿನ್‌ಫಿನ್ನೆ ಎನ್ನುತ್ತಾರೆ. ಒಂದು ಊರು, ಎರಡು ಹೆಸರು! ಬೆಳಗಾವಿ, ಬೆಳಗಾಂವ ಎಂದು ಜಗಳವಾಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

1995ರ ಅಲ್ಲಿನ ಸಂವಿಧಾನ ಭಾಷೆ-ಜನಾಂಗಗಳ ಆಧಾರದ ಒಕ್ಕೂಟ ಕಟ್ಟಿತು. ರಾಜಧಾನಿಯಲ್ಲಿ ಒರೋಮಿಯಾ ರಾಜ್ಯಕ್ಕೆ ‘ವಿಶೇಷ ಹಿತಾಸಕ್ತಿ’ ಇದೆ ಎಂದೂ ಬರೆಯಿತು. ಕಾಗದದ ಮಾತು ಕಾಗದದಲ್ಲೇ ಉಳಿಯಿತು. 2012ರಲ್ಲಿ ಎರಡು ಪಕ್ಷಗಳು ಸೇರಿ ಒರೋಮೊ ಫೆಡರಲಿಸ್ಟ್ ಕಾಂಗ್ರೆಸ್ ಆಯಿತು. ಪ್ರಾಧ್ಯಾಪಕ ಮೆರೆರಾ ಗುದೀನ, ಭಾಷಾ ಶಿಕ್ಷಕ ಬೆಕೆಲೆ ಗೆರ್ಬ ಅದರ ಮುಂದಾಳುಗಳು. ಅವರು ಪ್ರತ್ಯೇಕ ದೇಶ ಕೇಳಲಿಲ್ಲ, ಸಂವಿಧಾನ ಕೊಟ್ಟ ಮಾತನ್ನು ನಡೆಸಿಕೊಡಿ ಎಂದರು. 2014ರಲ್ಲಿ ರಾಜಧಾನಿಯನ್ನು ಸುತ್ತಲಿನ ರೈತರ ಭೂಮಿಗೆ ವಿಸ್ತರಿಸುವ ಯೋಜನೆ ಬಂದಾಗ ಪ್ರತಿಭಟನೆ ಸಿಡಿಯಿತು. ಮುಂದಿನ ಎರಡು ವರ್ಷಗಳಲ್ಲಿ ನೂರಾರು ಜನ ಸತ್ತರು. ಇಬ್ಬರು ನಾಯಕರೂ ಸೆರೆಮನೆ ಕಂಡರು. 2018ರಲ್ಲಿ ಅವರ ಬಿಡುಗಡೆಯಾಯಿತು, ಒರೋಮೊ ಮೂಲದ ಅಬಿಯ್ ಅಹ್ಮದ್ ಪ್ರಧಾನಿಯಾದರು. ಆದರೂ 2020ರಲ್ಲಿ ಗಾಯಕ ಹಚಾಲು ಹುಂಡೆಸ್ಸಾ ಕೊಲೆಯ ನಂತರ ಪಕ್ಷದ ನಾಯಕರು ಮತ್ತೆ ಜೈಲಿಗೆ ಹೋದರು. 2021ರ ಚುನಾವಣೆಯನ್ನು ಪಕ್ಷ ಬಹಿಷ್ಕರಿಸಿತು.

ಆ ದೇಶ ಬೇರೆ, ಅಲ್ಲಿನ ರಕ್ತಪಾತಕ್ಕೂ ನಮ್ಮ ಜಗಳಕ್ಕೂ ಹೋಲಿಕೆಯಿಲ್ಲ. ಆದರೆ ಎರಡು ಪಾಠಗಳು ಇಲ್ಲಿಗೂ ಹೊಂದುತ್ತವೆ. ನಾಯಕರನ್ನು ಒಳಗೆ ಹಾಕಿದರೆ ಭಾಷೆಯ ಪ್ರಶ್ನೆ ಒಳಗೆ ಹೋಗುವುದಿಲ್ಲ. ತಮ್ಮವರೊಬ್ಬರು ಅಧಿಕಾರಕ್ಕೆ ಬಂದರೂ ಬಡವನ ಕೈಗೆ ಅವನ ಭಾಷೆಯ ಕಾಗದ ತಾನಾಗಿ ಬರುವುದಿಲ್ಲ.

ಉತಾರೆಯ ಕಥೆ

ಕಾಗದ ಎಂದಾಗ ನಮ್ಮ ಫುಪ್ಪಿಯ ನೆನಪಾಗುತ್ತದೆ. ಅಬ್ಬಾನ ಅಕ್ಕ 1954ರಲ್ಲಿ ಮದುವೆಯಾಗಿ ಗಡಹಿಂಗ್ಲಜಕ್ಕೆ ಹೋದರು. ಹೋಗುವಾಗ ಅದು ಪಕ್ಕದ ಊರು. ಎರಡು ವರ್ಷಗಳಲ್ಲಿ ಪಕ್ಕದ ರಾಜ್ಯವಾಯಿತು. ದಾದಾ ತೀರಿಕೊಂಡ ಮೇಲೆ ಹೊಲದ ವಾಟ್ನಿಯಲ್ಲಿ ಫುಪ್ಪಿಗೂ ಪಾಲು ಬಂತು. ಕೊಡುವುದಕ್ಕೆ ಅಬ್ಬಾನ ತಕರಾರೇನೂ ಇರಲಿಲ್ಲ. ಧರ್ಮವೂ ಕಾನೂನೂ ಹೆಣ್ಣುಮಕ್ಕಳ ಪಾಲನ್ನು ಒಪ್ಪಿವೆ. ತೊಡಕು ಬಂದದ್ದು ಉತಾರೆಯದು. ಇಲ್ಲಿಯ ಕಚೇರಿ ಕನ್ನಡದ ಉತಾರೆ ಕೊಟ್ಟಿತು. ಅಲ್ಲಿಯ ಕಚೇರಿ ಮರಾಠಿಯಲ್ಲಿ ದೃಢೀಕರಿಸಿ ತನ್ನಿ ಎಂದಿತು. ಮರಾಠಿಯಲ್ಲಿ ಕೊಡುವ ಅಧಿಕಾರ ನಮಗಿಲ್ಲ ಎಂದು ಇಲ್ಲಿಯವರು, ಕನ್ನಡ ಓದುವವರು ನಮ್ಮಲ್ಲಿಲ್ಲ ಎಂದು ಅಲ್ಲಿಯವರು. ಫುಪ್ಪಿಯ ಮಕ್ಕಳು ಒಂದು ಎಕರೆಯ ಕಾಗದಕ್ಕಾಗಿ ನಾಲ್ಕು ವರ್ಷ ಓಡಾಡಿದರು. ಅರ್ಜಿ, ಏಜೆಂಟು, ಅನುವಾದಕರಿಗೆ ಕೊಟ್ಟ ಹಣದಲ್ಲಿ ಒಂದು ಜೋಡಿ ಎತ್ತು ಬರುತ್ತಿತ್ತು ಎಂದು ಫುಪ್ಪಿ ಸಾಯುವವರೆಗೂ ಹೇಳುತ್ತಿದ್ದರು.

ಗಡಿಯಲ್ಲಿ ಇಂಥ ಮನೆಗಳು ಸಾವಿರಾರು. ಅತ್ತಣಿಂದ ಇತ್ತ ಸೊಸೆಯಾಗಿ ಬಂದ ಹೆಣ್ಣುಮಗಳು ಅಂಗನವಾಡಿಯ ಕೆಲಸಕ್ಕೆ ಅರ್ಜಿ ಹಾಕಿದರೆ ಕನ್ನಡ ಓದಿದ ದಾಖಲೆ ಕೇಳುತ್ತಾರೆ. ಇತ್ತಣಿಂದ ಅತ್ತ ಹೋದ ಹುಡುಗನ ಜಾತಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಸಮಿತಿ ಮರಾಠಿ ಉತಾರೆ ಕೇಳಿದ್ದು ನಿಜ. ಆದರೆ ಆ ಬೇಡಿಕೆ ಯಾವಾಗಲೂ ‘ಬೆಳಗಾವಿಯನ್ನು ಕೊಡಿ’ ಎಂಬ ಘೋಷಣೆಯ ಬಾಲವಾಗಿಯೇ ಬಂತು. ನೆಲ ಕೊಡೆವು ಎಂದವರು ಕಾಗದವನ್ನೂ ಕೊಡಲಿಲ್ಲ. ನಕ್ಷೆಯನ್ನು ಕೇಳಿದ ಪಕ್ಷ ನಕ್ಷೆಯನ್ನೂ ಪಡೆಯಲಿಲ್ಲ, ಉತಾರೆಯನ್ನೂ ಪಡೆಯಲಿಲ್ಲ. ಸಮಿತಿಯ ಇತಿಹಾಸದ ದೊಡ್ಡ ದುರಂತ ಇದೇ ಎಂದು ನಮಗನ್ನಿಸುತ್ತದೆ.

ನಮ್ಮ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆನ್ನುತ್ತದೆ. 350ಬಿ ವಿಧಿ ಅವರಿಗಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ಒಂದು ಪ್ರದೇಶದಲ್ಲಿ ಶೇ. 15ಕ್ಕಿಂತ ಹೆಚ್ಚು ಜನ ಒಂದು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲಿಯೂ ಕೊಡಬೇಕೆಂಬ ಒಪ್ಪಂದ 1956ರಿಂದಲೇ ಇದೆ. ಇದಕ್ಕೆ ಒಂದು ಇಂಚು ನೆಲವನ್ನೂ ಆಚೀಚೆ ಮಾಡಬೇಕಿಲ್ಲ. ಕರ್ನಾಟಕ ಮರಾಠಿ, ಉರ್ದು ಶಾಲೆಗಳನ್ನು ನಡೆಸುತ್ತಿದೆ, ಮಹಾರಾಷ್ಟ್ರವೂ ಕನ್ನಡ ಶಾಲೆಗಳನ್ನು ನಡೆಸುತ್ತಿದೆ. ಅಂದರೆ ದಾರಿ ಇದೆ. ಕಚೇರಿಯ ಮೆಟ್ಟಿಲು ಹತ್ತುವಾಗ ಆ ದಾರಿ ಮುಚ್ಚಿಹೋಗುತ್ತದೆ ಅಷ್ಟೆ.

ಮುಚ್ಚಿದ ದಾರಿಯಲ್ಲಿ ಮತ್ತೆ ಮತ್ತೆ ಕಲ್ಲು ತೂರಾಟ ನಡೆಯುತ್ತದೆ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ, ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿ. 2022ರ ಡಿಸೆಂಬರ್‌ನಲ್ಲಿ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು, ಅತ್ತ ನಮ್ಮ ಬಸ್ಸುಗಳಿಗೆ ಮಸಿ. ಅದೇ ತಿಂಗಳು ಎರಡೂ ವಿಧಾನಸಭೆಗಳು ಒಂದರ ವಿರುದ್ಧ ಇನ್ನೊಂದು ನಿರ್ಣಯ ಮಾಡಿದವು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ಬಸ್ ಕಂಡಕ್ಟರೊಬ್ಬರ ಮೇಲೆ ಭಾಷೆಯ ನೆಪದಲ್ಲಿ ಹಲ್ಲೆಯಾಯಿತು, ಮಾರ್ಚ್ 22ರಂದು ಕರ್ನಾಟಕ ಬಂದ್ ಆಯಿತು. ಪ್ರತಿ ಸಲವೂ ಕೊಲ್ಹಾಪುರದ ಆಸ್ಪತ್ರೆಗೆ ಹೊರಟ ರೋಗಿ ನಮ್ಮ ಬಸ್ ನಿಲ್ದಾಣದಲ್ಲಿ ಕುಳಿತಿರುತ್ತಾನೆ. ಅವನ ಭಾಷೆ ಯಾವುದು ಎಂದು ನೋವು ಕೇಳುವುದಿಲ್ಲ.

ಕಡೆಗಣಿಸಲ್ಪಟ್ಟವರು ನಕ್ಷೆಯತ್ತ ಕೈ ಚಾಚುವುದು ಮರಾಠಿಗರ ಚಾಳಿ ಮಾತ್ರವಲ್ಲ. ಜತ್ತ ತಾಲೂಕಿನ ಸುಮಾರು 40 ಹಳ್ಳಿಗಳವರು ನೀರಿಗಾಗಿ ಕರ್ನಾಟಕಕ್ಕೆ ಸೇರುತ್ತೇವೆ ಎಂದರು. ನಮ್ಮದೇ ಹುಕ್ಕೇರಿಯ ಶಾಸಕ, ಸಚಿವರಾಗಿದ್ದ ಉಮೇಶ ಕತ್ತಿಯವರು 2022ರಲ್ಲಿ ತೀರಿಕೊಳ್ಳುವವರೆಗೂ ಪ್ರತ್ಯೇಕ ಉತ್ತರ ಕರ್ನಾಟಕದ ಮಾತನ್ನು ಆಗಾಗ ಎತ್ತುತ್ತಿದ್ದರು. ಕನ್ನಡಿಗರೇ ಕನ್ನಡಿಗರಿಂದ ಬೇರೆಯಾಗಬೇಕೆಂದದ್ದು ಏಕೆ? ನೀರು, ರಸ್ತೆ, ಕೆಲಸ, ಮರ್ಯಾದೆ. ಇವು ಸಿಕ್ಕವರು ನಕ್ಷೆಯನ್ನು ಗೋಡೆಗೆ ತೂಗುಹಾಕಿ ಮರೆತುಬಿಡುತ್ತಾರೆ. ಸಿಗದವರು ಅದನ್ನು ಕೆಳಗಿಳಿಸಿ ಹರಿಯಲು ನೋಡುತ್ತಾರೆ.

ಸುಪ್ರೀಂ ಕೋರ್ಟ್ ನಾಳೆ ಯಾವ ತೀರ್ಪು ಕೊಟ್ಟರೂ ಗೆರೆಯ ಎರಡೂ ಬದಿಯಲ್ಲಿ ಅಲ್ಪಸಂಖ್ಯಾತರು ಉಳಿದೇ ಉಳಿಯುತ್ತಾರೆ. ಬೆಳಗಾವಿ ಅತ್ತ ಹೋದರೆ ಕನ್ನಡಿಗರು, ಇಲ್ಲಿಯೇ ಉಳಿದರೆ ಮರಾಠಿಗರು, ಎತ್ತ ಇದ್ದರೂ ಉರ್ದುವಿನವರು. ಆದ್ದರಿಂದ ಎರಡೂ ಸರಕಾರಗಳನ್ನು ನಾವು ಕೇಳಬೇಕಾದುದು ಒಂದೇ. ಕಾಸರಗೋಡಿನ, ಜತ್ತದ, ಅಕ್ಕಲಕೋಟೆಯ ಕನ್ನಡಿಗನಿಗೆ ಕರ್ನಾಟಕ ಏನನ್ನು ಬಯಸುತ್ತದೋ ಅದನ್ನು ಖಾನಾಪುರದ ಮರಾಠಿಗನಿಗೆ ಕೊಡಲಿ. ಬೆಳಗಾವಿಯ ಮರಾಠಿಗನಿಗೆ ಮಹಾರಾಷ್ಟ್ರ ಏನನ್ನು ಬಯಸುತ್ತದೋ ಅದನ್ನು ತನ್ನೊಳಗಿನ ಕನ್ನಡಿಗನಿಗೆ ಕೊಡಲಿ. ಮೊದಲ ಹೆಜ್ಜೆಯಾಗಿ ಗಡಿ ತಾಲೂಕುಗಳಲ್ಲಿ ಒಂದು ಉತಾರೆ, ಒಂದು ಜನನ ಪತ್ರ, ಒಂದು ಪ್ರಮಾಣಪತ್ರ ಎರಡೂ ಭಾಷೆಗಳಲ್ಲಿ ಸಿಗಲಿ, ಎರಡೂ ರಾಜ್ಯಗಳಲ್ಲಿ ನಡೆಯಲಿ. ಅಷ್ಟಾದರೆ ಗಡಹಿಂಗ್ಲಜ ನಮಗೆ ಮತ್ತೆ ಪಕ್ಕದ ಊರಾಗುತ್ತದೆ.